ಗಾಜಿನ ಬಾಗಿಲಿನ ಬಿಳಿ ಕಲೆ

ನಾನು ಓದಿದ್ದು ಮೂರನೇ ಕ್ಲಾಸಿನವರೆಗೆ. ಆದರೂ ಬಾಣಂತನ ಮಾಡುವುದರಲ್ಲಿ ನನ್ನನ್ನು ಮೀರಿಸುವವರು ಇಡೀ ಕೃಷ್ಣಮೂರ್ತಿಪುರಂನಲ್ಲಿ ಇಲ್ಲ ಎಂಬ ಜಂಬ ಇತ್ತು. ಮಗಳಿಗೆ ಹೊಟ್ಟೆ ಕೊಯ್ದು ಹೆರಿಗೆ ಮಾಡಿಸಿದ್ದರು. ನಮ್ಮ ಮನೆಯ ಮೆಟ್ಟಿಲು ಅವಳಿಗೆ ಬೇಡವೆಂದು ನಾನೇ ಸರಸ್ವತಿಪುರಂನ ಅವಳ ಹೊಸ ಮನೆಗೆ ಹೋದೆ. ಎರಡು ಸಾವಿರದ ಇಸವಿ ದಾಟಿತ್ತು, ಅಷ್ಟು ನೆನಪಿದೆ.

ಹೋದ ದಿನವೇ ಕಿಟಕಿಗಳನ್ನೆಲ್ಲ ಮುಚ್ಚಿಸಿದೆ. ಬಾಣಂತಿಗೂ ಕೂಸಿಗೂ ಗಾಳಿ ಸೋಕಬಾರದು. ಬಚ್ಚಲಿನ ಸಣ್ಣ ಕಿಂಡಿಗೂ ಹಳೇ ಸೀರೆಯ ತುಂಡನ್ನು ನನ್ನ ಕೈಯಾರೆ ತುರುಕಿದೆ. ಬಚ್ಚಲಿನ ಒಂದು ಮೂಲೆಗೆ ಗಾಜಿನ ಗೋಡೆ, ಗಾಜಿನ ಬಾಗಿಲು. ಅದರೊಳಗೆ ಕಾಲು ನೀಡಿ ಕೂತು ಕೂಸಿಗೆ ನೀರು ಹಾಕುತ್ತಿದ್ದೆ. ಬೋರಿನ ನೀರು ಒಣಗಿ ಒಣಗಿ ಗಾಜೆಲ್ಲ ಬೆಳ್ಳಗೆ ಸುಣ್ಣ ಬಳಿದ ಹಾಗಾಗಿತ್ತು. ಒಳಗೆ ಕೂತವರು ಹೊರಗಿನವರಿಗೆ ನೆರಳಿನಂತೆ ಕಾಣುತ್ತಿದ್ದರು.

"ಭಾನುವಾರ ಅತ್ತೆ ಬರ್ತಾರೆ ಕಣಮ್ಮ. ಇದನ್ನ ನೋಡಿದ್ರೆ ನನ್ನ ಹುರಿದು ಮುಕ್ತಾರೆ," ಎಂದಳು ಮಗಳು.

"ಮುಕ್ಲಿ ಬುಡು. ಅವರ ಮನೇಲೇನು ಕನ್ನಡಿ ಹೊಳ್ದಂಗೆ ಹೊಳೀತದಾ?" ಎಂದೆ. ಆದರೆ ಬೀಗಿತ್ತಿ ಮೂಗು ಮುರಿಯುವುದು ನನಗೂ ಬೇಕಿರಲಿಲ್ಲ.

ಸೋಪಿನ ಪುಡಿ ಹಾಕಿ ತಿಕ್ಕಿದೆ, ಹೋಗಲಿಲ್ಲ. ಸೈಕಲ್ಲಿನಲ್ಲಿ ಮಾರಿಕೊಂಡು ಬರುವವನ ಹತ್ತಿರ ಕೊಂಡ ಆಸಿಡ್ ಸೀಸೆ ಇತ್ತು, ಬ್ಲೀಚಿಂಗ್ ಪುಡಿಯೂ ಇತ್ತು. ಹಿತ್ತಾಳೆ ಬೆಳಗುವಾಗ ಹುಣಸೆಹಣ್ಣಿಗೆ ಉಪ್ಪು ಸೇರಿಸುತ್ತೇವಲ್ಲ, ಒಂದರಿಂದ ಹೋಗದ್ದು ಎರಡು ಸೇರಿದರೆ ಹೋಗುತ್ತದೆ. ನನ್ನ ತಲೆಗೆ ಹೊಳೆದದ್ದು ಅಷ್ಟೇ.

ಕೂಸು ಪಕ್ಕದ ರೂಮಿನಲ್ಲಿ ಮಲಗಿತ್ತು. ಅತ್ತರೆ ಕೇಳಲಿ ಎಂದು ಬಚ್ಚಲ ಬಾಗಿಲು ತೆಗೆದೇ ಇಟ್ಟಿದ್ದೆ. ವಾಸನೆ ಅದಕ್ಕೆ ಹೋಗದಿರಲಿ ಎಂದು ಗಾಜಿನ ಬಾಗಿಲು ಎಳೆದುಕೊಂಡು ಒಳಗೆ ಕೂತೆ. ಗಾಜು ಸೂರಿನವರೆಗೆ ಇಲ್ಲ, ಮೇಲೆ ಎರಡು ಗೇಣು ಬಯಲು ಎಂಬುದು ನೆನಪಿಗೇ ಬರಲಿಲ್ಲ.

ಮಗ್ಗಿನಲ್ಲಿ ಪುಡಿ ಹಾಕಿ ಆಸಿಡ್ ಸುರಿದೆ. ಬುಸ್ಸೆಂದಿತು. ಹಳದಿ ಹೊಗೆ ಮೆಲ್ಲಗೆ ಎದ್ದಿತು, ಆತುರವೇ ಇಲ್ಲದ ಹಾಗೆ. ಒಂದು ಉಸಿರು ಎಳೆದೆ, ಎದೆಯೊಳಗೆ ಕೆಂಡ ಇಟ್ಟ ಹಾಗಾಯಿತು. ಕೂಗಲು ಬಾಯಿ ತೆರೆದರೆ ದನಿಯೇ ಇಲ್ಲ. ಕಣ್ಣು ಉರಿದು ಬಾಗಿಲಿನ ಹಿಡಿ ಕಾಣಲಿಲ್ಲ. ಗಾಜನ್ನು ಬಡಿದೆ. ಅಷ್ಟರಲ್ಲಿ ಆಚೆ ಕೂಸು ಕೆಮ್ಮಿತು. ಇಪ್ಪತ್ತು ದಿನದ ಕೂಸು ಕೆಮ್ಮುವುದನ್ನು ಅದಕ್ಕೆ ಮೊದಲು ನಾನು ಕೇಳಿರಲಿಲ್ಲ.

ಮಗಳು ಓಡಿ ಬಂದು ಬಾಗಿಲು ಎಳೆದಳು. ನನ್ನ ರಟ್ಟೆಗೆ ಕೈ ಹಾಕಿದಳು. ನಾನು ಅವಳನ್ನು ನೂಕಿ ರೂಮಿನ ಕಡೆ ಕೈ ತೋರಿಸಿದೆ. ಅವಳು ಕೂಸನ್ನು ಬಾಚಿಕೊಂಡು, ತಲೆಗೆ ಬಟ್ಟೆಯೂ ಇಲ್ಲದೆ ಬೀದಿಗೆ ಓಡಿದಳು. ನಾನು ಗೋಡೆ ಹಿಡಿದು ಹಿಂದೆಯೇ ಹೋದೆ. ಆಚೆ ಜೋರು ಗಾಳಿ ಬೀಸುತ್ತಿತ್ತು.

ಆಸ್ಪತ್ರೆಯಲ್ಲಿ ಡಾಕ್ಟರು ಕೂಸಿನ ಎದೆಗೆ ಕೊಳವೆ ಇಟ್ಟು ಬಹಳ ಹೊತ್ತು ಕೇಳಿದರು. "ಈಗೇನೂ ತೊಂದ್ರೆ ಕಾಣ್ತಿಲ್ಲ. ಎರಡು ದಿನ ಉಸಿರಾಟ ನೋಡ್ಕೊಳಿ. ಪಕ್ಕೆ ಒಳಕ್ಕೆ ಸೆಳೀತಿದ್ರೆ ತಕ್ಷಣ ಬನ್ನಿ," ಎಂದರು. ನನ್ನತ್ತ ತಿರುಗಿ, "ಅಜ್ಜಿ, ಗಾಜಿಗೆ ಇದೆಲ್ಲ ಬೇಕಿತ್ತಾ? ಸ್ನಾನ ಆದ್ಮೇಲೆ ಒಣಬಟ್ಟೇಲಿ ಒರ್ಸಿದ್ರೆ ಸಾಕಿತ್ತು," ಎಂದರು. ಅದು ನಿಜ. ನೀರು ನಿಲ್ಲದಿದ್ದರೆ ಕಲೆ ಹುಟ್ಟುವುದಿಲ್ಲ. ಆಮೇಲೆ ಮಗಳು ಹಾಗೇ ಮಾಡಿದಳು.

ಮನೆಗೆ ಬಂದು ಕೂಸಿನ ಪಕ್ಕ ಕೂತೆ. ಪಕ್ಕೆ ಸೆಳೆಯುತ್ತಿದೆಯೋ ಇಲ್ಲವೋ ಕಣ್ಣಿಗೆ ಗೊತ್ತಾಗಲಿಲ್ಲ. ಎದೆಯ ಮೇಲೆ ಕೈ ಇಡಲು ಹೋದೆ. ಮಗಳು ನನ್ನ ಕೈಯನ್ನು ಎತ್ತಿ ಆಚೆ ಇಟ್ಟಳು.

"ಮುಟ್ಬೇಡಮ್ಮ. ನಿನ್ ಕೈ ಇನ್ನೂ ವಾಸ್ನೆ ಬರ್ತದೆ."

ಮೂರು ಸಲ ಸೋಪು ಹಾಕಿ ತೊಳೆದಿದ್ದೆ. ಮೂಸಿ ನೋಡಿದೆ. ಬರುತ್ತಿತ್ತು.