ಬಾಣಂತಿ ಕೋಣೆಯ ಕಣಜ

ಇಟ್ಟಿಗಿ ಊರಿನ ದ್ಯಾಮಕ್ಕನ ಮಾತಿಗೆ ಆ ಮನೆಯಲ್ಲಿ ಎದುರಿಲ್ಲ. ಗಂಡ ಕುರಿ ಹಿಂಡಿನ ಹಿಂದೆ ಊರೂರು ತಿರುಗಿದರೆ, ಮಣ್ಣಿನ ಮಾಳಿಗೆ ಮನೆಯನ್ನೂ ಹೆಣ್ಣುಮಕ್ಕಳನ್ನೂ ಒಬ್ಬಳೇ ಸಂಭಾಳಿಸಿದವಳು. ದೊಡ್ಡ ಮಕ್ಕಳ ಬಾಣಂತನವೆಲ್ಲ ಒಳಗಿನ ಕತ್ತಲೆ ಕೋಣೆಯಲ್ಲೇ ಆಗಿತ್ತು. ಈಗ ಕಿರಿಯವಳು ರೋಜಾ ಎಳೆಗೂಸಿನೊಂದಿಗೆ ಅಲ್ಲಿದ್ದಳು. ಕಿಟಕಿಗೆ ಕಂಬಳಿ, ಬಾಗಿಲಿಗೂ ಕಂಬಳಿ. ಗಾಳಿ ಅಂದರೆ ದ್ಯಾಮಕ್ಕನಿಗೆ ಯಮ.

ಕೂಸಿನ ಕುತ್ತಿಗೆಯಲ್ಲಿ ಕೆಂಪು ಗಂಧೆ ಎದ್ದವು, ರೋಜಾಳ ಬೆನ್ನಿಗೂ. ಹಾಸಿಗೆ ಕೊಡವಿದರೆ ಎಳ್ಳಿನಷ್ಟು ಸಣ್ಣ ಕರಿ ಇರುವೆಗಳು. ದ್ಯಾಮಕ್ಕ ಮಂಚದ ಕಾಲುಗಳನ್ನು ನೀರಿನ ಬಟ್ಟಲಿನಲ್ಲಿಟ್ಟಳು, ಸುತ್ತ ಅರಿಶಿನ ಸುರಿದಳು. ಮರುದಿನ ಕೂಸಿನ ಕೆನ್ನೆಯೂ ಊದಿತ್ತು. ಮೇಲಿಂದ ಬೀಳಬಹುದೆಂದು ಅಷ್ಟು ಜಾಣೆಗೆ ಹೊಳೆಯಲೇ ಇಲ್ಲ.

ಕೂಸು ನೋಡಲು ಬಂದ ತಮ್ಮನ ಮಗಳು ಪುಷ್ಪಲತಾ ಕೃಷಿ ಕಾಲೇಜಿನಲ್ಲಿ ಕೀಟಗಳನ್ನೇ ಓದುತ್ತಿದ್ದವಳು. ಒಂದು ಇರುವೆಯನ್ನು ಹಿಡಿದು ಭೂತಗನ್ನಡಿಯಲ್ಲಿ ನೋಡಿದಳು.

“ಅತ್ತಿ, ಇದು ಇರುವಿ ಅಲ್ಲ. ಇರುವಿ ಸೊಂಟದಾಗ ಗಂಟು ಇರತೈತಿ, ಇದಕ್ಕಿಲ್ಲ. ತಲಿ ಚಪ್ಪಟಿ, ಹಿಂದ ಮುಳ್ಳು. ಇದು ರೆಕ್ಕಿ ಇಲ್ಲದ ಕಣಜ, ಬೆಥಿಲಿಡ್ ಅಂತ ಇದರ ಮನೆತನ. ಮರ ಕೊರಿಯೋ ಹುಳಾನ ಚುಚ್ಚಿ ಕೆಡವಿ ಅದರ ಮ್ಯಾಲೆ ಮೊಟ್ಟಿ ಇಡತೈತಿ. ಮರಿ ಆ ಹುಳಾನ ತಿಂದು ಬೆಳೀತಾವು. ತಾಯಿ ಅಲ್ಲೇ ಕಾವಲು ಕುಂದರತೈತಿ.”

“ಹಂಗಾರ ಅದೂ ಬಾಣಂತೀನ ಬಿಡು,” ದ್ಯಾಮಕ್ಕ ನಕ್ಕಳು.

ಪುಷ್ಪಲತಾ ನಗಲಿಲ್ಲ. “ಹುಳ ಇಲ್ಲದ ಕಡಿ ಇದು ಇರಂಗಿಲ್ಲ. ಇಷ್ಟು ಕಣಜ ಅದಾವಂದ್ರ, ತೊಲಿ ಒಳಗ ಹುಳ ಎಷ್ಟಿರಬೇಕು?”

ಇಬ್ಬರೂ ತಲೆಯೆತ್ತಿದರು. ಪ್ರತಿ ದೀಪಾವಳಿಗೂ ದ್ಯಾಮಕ್ಕ ತೊಲೆಯ ಸಣ್ಣ ತೂತುಗಳಿಗೆ ಸುಣ್ಣ ಮೆತ್ತಿ, ಎಣ್ಣೆಬಣ್ಣ ಬಳಿದು ಹೊಸದರಂತೆ ಮಾಡುತ್ತಿದ್ದಳು. ಈಗ ಕಂಬಳಿ ಹೊಲಿಯುವ ದಬ್ಬಣ ತಂದು, ಪೆಟ್ಟಿಗೆಯ ಮೇಲೆ ಹತ್ತಿ ತೊಲೆಗೆ ಚುಚ್ಚಿದಳು. ತಡೆಯೇ ಇಲ್ಲದೆ ಬುಡದವರೆಗೂ ಹೋಯಿತು. ಹಿಟ್ಟಿನಂಥ ಪುಡಿ ಕೂಸಿನ ಮೇಲೆ ಉದುರಿತು. ಆ ತೊಲೆಯ ಮೇಲೆ ಮಾಳಿಗೆಯ ಗಾಡಿಗಟ್ಟಲೆ ಮಣ್ಣಿತ್ತು.

“ಏಳು ರೋಜಾ, ಹೊರಗ ನಡಿ!” ದ್ಯಾಮಕ್ಕ ಕೂಸನ್ನು ತಾನೇ ಬಾಚಿ ಎತ್ತಿಕೊಂಡಳು.

“ಅವ್ವಾ, ಗಾಳಿ…”

“ನಿನ್ನ ಗಾಳಿಗೆ ಬೆಂಕಿ ಹತ್ತಲಿ, ನಡಿ ಅಂದ್ನಲ್ಲ!” ದ್ಯಾಮಕ್ಕ ಬಾಗಿಲಿನ ಕಂಬಳಿಯನ್ನು ಕಿತ್ತೆಸೆದಳು.

ನಡುಮನೆಗೆ ಬಂದೊಡನೆ ರೋಜಾ ಚಾಪೆ ಹಾಸಲು ಬಗ್ಗಿದಳು. ದ್ಯಾಮಕ್ಕ ಅಲ್ಲಿನ ತೊಲೆಯತ್ತ ನೋಡಿದಳು. ಎರಡೂ ತೊಲೆಗಳನ್ನು ಒಂದೇ ಹುಣಸೆ ಮರದಿಂದ ಸೀಳಿಸಿದವಳು ಅವಳೇ. ನೋಡುತ್ತಿದ್ದಂತೆ ತೋಳಲ್ಲಿದ್ದ ಕೂಸಿನ ಹಣೆಯ ಮೇಲೆ ಎಳ್ಳಿನಷ್ಟು ಕರಿಯದೊಂದು ಬಿದ್ದು ತೆವಳತೊಡಗಿತು.