‘ಗೊತ್ತಿಲ್ಲ’ ಎಂದ ಮಗಳು

ಮಕ್ತಲದ ನಮ್ಮ ಮನೆಯಂಗಳದಲ್ಲಿ ಶೇಂಗಾ ಸುಲಿಯುತ್ತಾ ಕೂತಿದ್ದೆ. ಪಕ್ಕದ ಮನೆಯ ಶರಣಮ್ಮ ಮೊಬೈಲ್ ಹಿಡಿದು ಓಡಿಬಂದಳು. ಪುಣೆಯಲ್ಲಿ ಕಟ್ಟಡದ ಕೆಲಸಕ್ಕೆ ಹೋಗಿದ್ದ ಅವಳ ತಮ್ಮ ಮಲ್ಲೇಶ ಹಿಂದಿನ ದಿನ ಮೇಲಿಂದ ಬಿದ್ದು ದವಾಖಾನೆ ಸೇರಿದ್ದ. ಅಲ್ಲಿನ ಎಂಜಿನಿಯರ್ ಇಂಗ್ಲಿಷಿನಲ್ಲಿ ಒಂದೇ ಸಾಲು ಬರೆದು ಕಳಿಸಿದ್ದರು. ಆಮೇಲೆ ಎಷ್ಟು ಮಾಡಿದರೂ ಫೋನ್ ಎತ್ತಿರಲಿಲ್ಲ.

ಹತ್ತನೇ ಕ್ಲಾಸಿನ ನನ್ನ ಮಗಳು ಓದಿದಳು: ‘ಮಲ್ಲೇಶ್ ಪುಲ್ಡ್ ಥ್ರೂ.’ ಪುಲ್ ಅಂದರೆ ಎಳೆಯುವುದು ಎಂದಳು.

“ಎಳದ್ರಂತಾ? ಎಲ್ಲಿಗೆ ಎಳದ್ರವ್ವಾ? ಒಲಿ ಆರಿಸಿ ಬಂದೀನಿ, ಜೀವ ಐತೋ ಇಲ್ಲೋ ಅಷ್ಟ ಹೇಳು” ಎಂದಳು ಶರಣಮ್ಮ.

“ಎರಡು ಶಬ್ದ ಕೂಡಿದ್ರ ಅರ್ಥಾನ ಬ್ಯಾರೆ ಆಗತೈತಿ ಚಿಗವ್ವ. ಇದು ನಂಗ ಗೊತ್ತಿಲ್ಲ. ಅಂದಾಜಿಲೆ ಹೇಳಂಗಿಲ್ಲ, ತಡಿ” ಎಂದು ಮಗಳು ತನ್ನ ಟೀಚರ್‌ಗೆ ಫೋನ್ ಹಚ್ಚಿದಳು.

“ಗಂಡಾಂತರ ದಾಟಿ ಬದುಕಿಕೊಂಡ ಅಂತ ಅರ್ಥ” ಎಂದರು ಟೀಚರ್. ಶರಣಮ್ಮ ಸಿಪ್ಪೆಯ ರಾಶಿಯ ಮೇಲೇ ಕುಸಿದು ಕೂತು ಅತ್ತಳು.

ಮಗಳು ತೋಚಿದ್ದೊಂದು ಹೇಳಿಬಿಡಬಹುದಿತ್ತು. ಗೊತ್ತಿಲ್ಲ ಅನ್ನುವಷ್ಟು ಬುದ್ಧಿಯನ್ನು ಶಿವ ಅವಳಿಗೆ ಕೊಟ್ಟಿದ್ದಾನಲ್ಲ, ಆ ದಿನಕ್ಕೆ ನನಗೆ ಅಷ್ಟು ಸಾಕಿತ್ತು. ನಲ್ಲಿಯಲ್ಲಿ ನೀರು ಬಿಟ್ಟಿದ್ದರು. ಕೊಡ ಎತ್ತಿಕೊಂಡು ಹೋದೆ.