ಗಿರಿಜೆಯ ಬ್ಯಾಗು, ನನ್ನ ಹದಿನೆಂಟು ದಿನ

ಹೊರಡುವ ಹೊತ್ತಿಗೆ ಕೈಗೆ ಸಿಗುವಂತೆ ಒಂದು ಬ್ಯಾಗು ತುಂಬಿಸಿಡಿ ಎಂದು ನಿಮಗೆ ಯಾರಾದರೂ ಹೇಳಿದ್ದಾರೆಯೇ? ನನಗಂತೂ ಯಾರೂ ಹೇಳಿಲ್ಲ. ನನ್ನ ತಂಗಿ ಗಿರಿಜೆಗೆ ಹೇಳಿದರು. ಅದಕ್ಕೂ ನನಗೆ ಹೊಟ್ಟೆಕಿಚ್ಚಾಯಿತು.

ನಗಬೇಡಿ. ಪೂರ್ತಿ ಕೇಳಿ.

ಗಿರಿಜೆ ನನಗಿಂತ ಐದು ವರ್ಷಕ್ಕೆ ಚಿಕ್ಕವಳು. ಅವಳನ್ನು ಭದ್ರಾವತಿಯ ಫಿಟ್ಟರ್ ರುದ್ರಪ್ಪನಿಗೆ ಕೊಟ್ಟಾಗ ಅಯ್ಯೋ ಪಾಪ ಎಂದವಳು ನಾನೇ. ನಮ್ಮ ಮನೆಯವರು ಶಿವಮೊಗ್ಗದಲ್ಲಿ ಸರ್ಕಾರಿ ಗುಮಾಸ್ತರು, ಬಿಳಿ ಷರಟಿನ ಕೆಲಸ. (ಆ ಷರಟು ಒಗೆಯುವವಳು ನಾನು ಎಂಬುದು ಬೇರೆ ಮಾತು.) ಆಮೇಲೆ ರುದ್ರಪ್ಪನಿಗೆ ಅರಬಸ್ತಾನದ ಏಡನ್ ಬಂದರಿನ ಒಂದು ಕಂಪನಿಯಲ್ಲಿ ಕೆಲಸ ಸಿಕ್ಕಿತು. ಹೆಂಡತಿಯನ್ನೂ ಮಗಳು ಉಮಾಳನ್ನೂ ಕರೆದುಕೊಂಡು ಹಡಗು ಹತ್ತಿದ. ನಾನು ಸವಳಂಗ ರಸ್ತೆಯಲ್ಲೇ ಉಳಿದೆ.

ಎರಡು ವರ್ಷಕ್ಕೊಮ್ಮೆ ರಜೆಗೆ ಬರುತ್ತಿದ್ದರು. ಹೋದ ಸಲ ಬಂದಾಗ ಬೆಣ್ಣೆ ಬಣ್ಣದ ನೈಲಾನ್ ಸೀರೆ ಅವಳ ನಾದಿನಿಗೆ ಹೋಯಿತು. ನನಗೆ ಸಿಕ್ಕಿದ್ದು ಥರ್ಮಾಸ್ ಫ್ಲಾಸ್ಕು. ಫ್ಲಾಸ್ಕು ಉಟ್ಟುಕೊಂಡು ಮದುವೆಮನೆಗೆ ಹೋಗಲಿಕ್ಕಾಗುತ್ತದೆಯೇ?

ಆ ಉರಿ ಇನ್ನೂ ಆರಿರಲಿಲ್ಲ, ಅವಳ ಪತ್ರ ಬಂತು.

"ಅಕ್ಕ, ಇಲ್ಲಿ ಬ್ರಿಟಿಷರ ವಿರುದ್ಧ ಗಲಾಟೆ ಜಾಸ್ತಿಯಾಗಿದೆ. ಸಂಜೆಯಾದರೆ ಕರ್ಫ್ಯೂ. ಕಂಪನಿಯವರು ಮನೆಮನೆಗೆ ಒಂದು ಪಟ್ಟಿ ಕೊಟ್ಟು, ತಲೆಗೊಂದು ಬ್ಯಾಗು ರೆಡಿ ಇಡಿ ಅಂದಿದ್ದಾರೆ. ಪಾಸ್‌ಪೋರ್ಟು, ಎರಡು ಜೊತೆ ಬಟ್ಟೆ, ಟಾರ್ಚು, ನೀರಿನ ಬಾಟ್ಲಿ, ಜ್ವರದ ಮಾತ್ರೆ, ಮೂರು ದಿನ ಕೆಡದ ತಿಂಡಿ. ನಾನು ಅವಲಕ್ಕಿ ಹುರಿದಿಟ್ಟಿದ್ದೇನೆ. ಹೆಂಗಸರು ಮಕ್ಕಳನ್ನು ಮೊದಲು ಕಳಿಸುತ್ತಾರಂತೆ. ಉಮಾಳ ಹೆಸರು ಅವರಪ್ಪನ ಪಾಸ್‌ಪೋರ್ಟಿನಲ್ಲಿದೆ. ನನ್ನದಕ್ಕೆ ಸೇರಿಸಬೇಕಾದರೆ ಅವಳು ಹುಟ್ಟಿದ ಸರ್ಟಿಫಿಕೇಟು ಬೇಕು. ಭದ್ರಾವತಿಯಿಂದ ತೆಗೆಸಿ ಬೇಗ ಕಳಿಸು."

ಪತ್ರ ಮಡಿಸಿ ಗೂಡಿನಲ್ಲಿಟ್ಟೆ. ಓಡಿ ಬರುವುದಕ್ಕೂ ಇವಳಿಗೆ ಟೈಪ್ ಮಾಡಿದ ಪಟ್ಟಿ, ಹಡಗು. ನಾನು ಓಡಬೇಕಾಗಿ ಬಂದರೆ ಯಾರು ಜಟಕಾ ಕಳಿಸುತ್ತಾರೆ?

ಒಂದು ಮಧ್ಯಾಹ್ನ, ಮನೆಯಲ್ಲಿ ಯಾರೂ ಇಲ್ಲದಾಗ, ನಾನೂ ಒಂದು ಚೀಲ ತುಂಬಲು ಕೂತೆ. ಎರಡು ಸೀರೆ ಹಾಕಿದೆ. ಕಾಗದಪತ್ರ ಹುಡುಕಿದೆ. ರೇಷನ್ ಕಾರ್ಡು ಅವರ ಹೆಸರಿನಲ್ಲಿ, ಮನೆ ಬಾಡಿಗೆ ಚೀಟಿಯೂ ಅವರ ಹೆಸರಿನಲ್ಲಿ. ಇಡೀ ಟ್ರಂಕಿನಲ್ಲಿ ನನ್ನ ಹೆಸರಿನ ಒಂದು ಕಾಗದ ಸಿಗಲಿಲ್ಲ. ಗಿರಿಜೆಗೆ ಫೋಟೋ ಅಂಟಿಸಿ ಮುದ್ರೆ ಒತ್ತಿದ ಪುಸ್ತಕವೇ ಇದೆ. ಸೀರೆಗಳನ್ನು ಎತ್ತಿ ವಾಪಸು ಇಟ್ಟೆ. ಅವತ್ತು ಇನ್ನಷ್ಟು ಉರಿಯಿತು.

ಭದ್ರಾವತಿ ಏನು ದೂರವೇ? ಬೆಳಿಗ್ಗೆ ರೈಲು ಹತ್ತಿದರೆ ಊಟದ ಹೊತ್ತಿಗೆ ಮನೆಗೆ ಬರಬಹುದು. ಆದರೆ ಒಂದು ದಿನ ಸಂಡಿಗೆ ಹಾಕುವುದಿತ್ತು. ಇನ್ನೊಂದು ದಿನ ನೆಂಟರು ಬಂದರು. ನೆಪ ಹುಡುಕುವವರಿಗೆ ಬರಗಾಲವೇ? ಹದಿನೆಂಟು ದಿನ ಹೀಗೆ ಕಳೆದೆ.

ಹದಿನೆಂಟನೆಯ ಸಂಜೆ ಪಕ್ಕದ ಮನೆಯ ರೇಡಿಯೋದಲ್ಲಿ ಏಡನ್ ಎಂಬ ಹೆಸರು ಕೇಳಿತು. ಗುಂಡು ಹಾರಿತು, ಸತ್ತರು ಎಂಬ ಮಾತುಗಳೂ ಕೇಳಿದವು.

"ಗಿರಿಜಂಗೆ ಆ ಕಾಗದ ಕಳಿಸಿದ್ಯಲ್ಲ?" ಎಂದರು ನಮ್ಮ ಮನೆಯವರು.

"ನಾಳೆ ಹೋಗ್ತೀನಿ."

"ಇನ್ನೂ ಹೋಗೇ ಇಲ್ವಾ ಮಾರಾಯ್ತಿ?"

ಅಷ್ಟೇ. ಇನ್ನೆರಡು ಮಾತು ಅಂದಿದ್ದರೆ ಜಗಳವಾದರೂ ಆಡಬಹುದಿತ್ತು.

ಮರುದಿನ ಮೊದಲ ರೈಲಿಗೇ ಹೋದೆ. ಭದ್ರಾವತಿಯ ಪುರಸಭೆ ಕಚೇರಿಯಲ್ಲಿ ಗುಮಾಸ್ತರು ದೊಡ್ಡ ರಿಜಿಸ್ಟರು ತೆಗೆದು ಬೆರಳಿಟ್ಟು ತೋರಿಸಿದರು. "ನೋಡಿಮ್ಮ, ಹೆಣ್ಣು ಮಗು ಅಂತ ಮಾತ್ರ ಬರ್ದಿದೆ. ಹೆಸರಿಲ್ಲ. ಹೆರಿಗೆ ಮಾಡಿಸಿದೋರು ಇದೇ ಮಗು ಅಂತ ಬರ್ದುಕೊಟ್ರೆ ಇವತ್ತೇ ಮಾಡ್ಕೊಡ್ತೀನಿ."

ಹೆರಿಗೆ ಮಾಡಿಸಿದ ನರ್ಸ್ ಸಗಾಯಮೇರಿ ಕಾರ್ಖಾನೆಯ ಹಿಂದಿನ ಸಾಲುಮನೆಯಲ್ಲಿದ್ದರು. ತಮಿಳಿನವರು, ಈಗ ಕಣ್ಣು ಮಂಜು. ಗಿರಿಜೆಯ ಹೆಸರು ಹೇಳಿದೊಡನೆ ಅವರಿಗೆ ನೆನಪಾಯಿತು.

"ಫಿಟ್ಟರ್ ಹೆಂಡ್ತಿ ತಾನೇ? ತುಂಬಾ ಭಯ ಆ ಹುಡುಗಿಗೆ. ರಾತ್ರಿ ಎಲ್ಲಾ ಅಕ್ಕನ್ನ ಕರೀರಿ, ಅಕ್ಕನ್ನ ಕರೀರಿ ಅಂತ ಒಂದೇ ಅಳು. ನೀನೇನಾ ಆ ಅಕ್ಕ?"

"ಹೂಂ," ಎಂದೆ.

ಅವತ್ತು ಯಾಕೆ ಬರಲಿಲ್ಲ ಎಂದು ಅವರು ಕೇಳಲಿಲ್ಲ. ಕಾಗದವನ್ನು ಕಣ್ಣಿನ ಹತ್ತಿರ ಹಿಡಿದು ನಿಧಾನವಾಗಿ ಸಹಿ ಹಾಕಿದರು. ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ಸಂಜೆಯೊಳಗೆ ಸರ್ಟಿಫಿಕೇಟು ಏರ್‌ಮೇಲಿನಲ್ಲಿ, ರಿಜಿಸ್ಟರ್ಡ್ ಆಗಿ ಹೋಯಿತು.

ಅದು ಏಡನ್ ಮುಟ್ಟುವ ಮೊದಲೇ ಒಂದು ಹಡಗು ಹೊರಟುಹೋಗಿತ್ತು. ಅಕ್ಕಪಕ್ಕದ ಹೆಂಗಸರೆಲ್ಲ ಅದರಲ್ಲಿ ಹೋದರು. ಗಿರಿಜೆ ಮಗಳನ್ನು ಕಟ್ಟಿಕೊಂಡು, ತುಂಬಿಸಿದ ಬ್ಯಾಗಿನ ಪಕ್ಕದಲ್ಲೇ, ಕಂಪನಿಯ ಗೋದಾಮಿನಲ್ಲಿ ಹನ್ನೊಂದು ದಿನ ಮಲಗಿದಳು. ಕಿಟಕಿಗಳಿಗೆಲ್ಲ ಮರಳಿನ ಮೂಟೆ. ಆಮೇಲೆ ಇನ್ನೊಂದು ಹಡಗು ಸಿಕ್ಕಿತು.

ಹೋದ ವಾರ ಶಿವಮೊಗ್ಗ ಸ್ಟೇಷನ್ನಿನಲ್ಲಿ ಇಳಿದರು. ನಾನು ಮೊದಲು ನೋಡಿದ್ದು ಏನನ್ನು ಗೊತ್ತೇ? ಬ್ಯಾಗು ಚರ್ಮದ್ದೋ ಕ್ಯಾನ್ವಾಸಿನದ್ದೋ ಎಂದು. (ಕ್ಯಾನ್ವಾಸು. ಒಂದು ಕಿವಿ ಹರಿದಿತ್ತು.) ಆಮೇಲೆ ಉಮಾಳ ಕೊರಳು ನೋಡಿದೆ. ದಾರದಲ್ಲಿ ಪೋಣಿಸಿದ ರಟ್ಟಿನ ಚೀಟಿ. ತಾಯಿಯಿಂದ ಮಗು ತಪ್ಪಿಸಿಕೊಂಡರೆ ಎಲ್ಲಿಗೆ ಮುಟ್ಟಿಸಬೇಕೆಂದು ಬರೆದದ್ದು. ಸವಳಂಗ ರಸ್ತೆ, ಶಿವಮೊಗ್ಗ ಎಂದಿತ್ತು. ಅದರ ಮೇಲೆ ನನ್ನ ಹೆಸರು. ನಮ್ಮ ಮನೆಯವರದ್ದಲ್ಲ, ನನ್ನದು.

"ಪೋಸ್ಟಿನೋರು ಎಷ್ಟು ಲೇಟು ಮಾಡಿದ್ರು ನೋಡಕ್ಕ," ಎಂದಳು ಗಿರಿಜೆ. "ನೀನು ಪಾಪ ಎಷ್ಟು ಓಡಾಡಿದ್ಯೋ ಏನೋ."

"ಇರ್ಲಿ ಬಿಡು, ಬಂದ್ಯಲ್ಲ," ಎಂದೆ. ಬ್ಯಾಗು ಎತ್ತಿಕೊಂಡು ಮುಂದೆ ನಡೆದೆ.

ರುದ್ರಪ್ಪ ಇನ್ನೂ ಅಲ್ಲೇ ಇದ್ದಾನೆ. ಇಲ್ಲಿ ಅಡುಗೆಮನೆಯಲ್ಲಿ ಒಂದು ಪಾತ್ರೆ ಬಿದ್ದರೆ ಸಾಕು, ಉಮಾ ಮಂಚದ ಕೆಳಗೆ ಸೇರಿಕೊಳ್ಳುತ್ತಾಳೆ. "ಗೋದಾಮಲ್ಲಿ ಕಲಿತಿದ್ದು," ಎನ್ನುತ್ತಾಳೆ ಗಿರಿಜೆ, ಬಗ್ಗಿ ಮಗಳನ್ನು ಹೊರಗೆಳೆಯುತ್ತ. ಅಷ್ಟು ಹೊತ್ತು ನಾನು ಒಲೆಯ ಕಡೆ ತಿರುಗಿ ನಿಂತಿರುತ್ತೇನೆ.

ಹೇಳಬೇಕೆಂದು ನಾಲ್ಕು ಸಲ ಬಾಯಿ ತೆರೆದೆ. ನಾಲ್ಕು ಸಲವೂ ಕಾಫಿ ಬೇಕಾ ಎಂದು ಕೇಳಿದೆ. ಕೊನೆಗೆ ಈ ವಾರಪತ್ರಿಕೆಯ ಓದುಗರ ಪುಟಕ್ಕೆ ಬರೆದಿದ್ದೇನೆ. ಹುಡುಗಿಯಾಗಿದ್ದಾಗಿನಿಂದ ಪತ್ರಿಕೆ ಬಂದೊಡನೆ ಗಿರಿಜೆ ಮೊದಲು ಬಿಡಿಸುವುದು ಈ ಪುಟವನ್ನೇ.

ಇದು ಅಚ್ಚಾಗಿ ಬಂದ ಸಂಚಿಕೆಯನ್ನು ನಾನೇ ಅವಳ ಕೈಗೆ ಕೊಡಲೋ, ಮೇಜಿನ ಮೇಲಿಟ್ಟು ತರಕಾರಿಗೆ ಹೋಗಿಬಿಡಲೋ?